ಇಪ್ಪತ್ತನಾಲ್ಕು ಅಡಿಯ ಕಾವಲು

ಹಿಂಗಾರಿ ಜೋಳ ಹಾಲುಗಾಳಾಗುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಹೊಲಗಳಲ್ಲಿ ಹಕ್ಕಿ ಕಾಯುವ ಕೆಲಸ ಶುರುವಾಗುತ್ತದೆ. ಹೊಲದ ನಡುವೆ ಅಟ್ಟ ಕಟ್ಟಿ, ಕವಣೆ ಹಿಡಿದು ನಿಂತವನು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಲೇ ಇರಬೇಕು. ಸುಗ್ಗಿಯಲ್ಲಿ ರಾಶಿ ಚೆನ್ನಾಗಿ ಬಂದರೆ ಅದು ಭೂಮಿಯ ಗುಣ, ಮಳೆಯ ಕೃಪೆ, ಬಿತ್ತಿದವನ ಪುಣ್ಯ. ತೆನೆ ಬರಿದಾದರೆ ಮಾತ್ರ ಕಾಯುವವನ ನೆನಪಾಗುತ್ತದೆ. ಫುಟ್‌ಬಾಲ್ ಆಟದಲ್ಲಿ ಗೋಲ್‌ಕೀಪರನ ಪಾಡು ಇದಕ್ಕಿಂತ ಬೇರೆಯಲ್ಲ. ಹತ್ತು ಮಂದಿ ಓಡಾಡುವ ಆಟದಲ್ಲಿ ಹನ್ನೊಂದನೆಯವನು ಎರಡು ಕಂಬಗಳ ನಡುವೆ ನಿಂತಿರುತ್ತಾನೆ. ಅವನು ಕಾಯಬೇಕಾದದ್ದು 24 ಅಡಿ ಅಗಲ, 8 ಅಡಿ ಎತ್ತರದ ಒಂದು ತೆರೆದ ಬಾಗಿಲು. ಅವನು ತಡೆದ ಚೆಂಡುಗಳನ್ನು ಯಾರೂ ಎಣಿಸುವುದಿಲ್ಲ. ಬಿಟ್ಟುಕೊಟ್ಟವು ಮಾತ್ರ ಅಂಕಪಟ್ಟಿಯಲ್ಲಿ ಸೇರುತ್ತವೆ.

ಈ ಕಾವಲುಗಾರನ ಅಧಿಕಾರವನ್ನು ಕಾನೂನುಗಳು ಕಾಲದಿಂದ ಕಾಲಕ್ಕೆ ಕಡಿತಗೊಳಿಸುತ್ತಲೇ ಬಂದಿವೆ. 1912ರವರೆಗೆ ಇಂಗ್ಲೆಂಡಿನ ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು. ಲೀ ರಿಚ್‌ಮಂಡ್ ರೂಸ್ ಎಂಬ ವೇಲ್ಸ್‌ನ ಆಟಗಾರ ಈ ಸವಲತ್ತನ್ನು ಬಳಸಿಕೊಂಡು ಚೆಂಡನ್ನು ಪುಟಿಸುತ್ತ ಮೈದಾನದ ನಡುಗೆರೆಯವರೆಗೂ ಬರುತ್ತಿದ್ದ. ಆ ವರ್ಷ ನಿಯಮ ಬದಲಾಗಿ ಕೈಯ ಬಳಕೆ ಪೆನಾಲ್ಟಿ ಆವರಣಕ್ಕೆ ಸೀಮಿತವಾಯಿತು. 1891ರಲ್ಲೇ ಪೆನಾಲ್ಟಿ ಒದೆತ ಬಂದಿತ್ತು. 1992ರಲ್ಲಿ, ಸ್ವಂತ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕಳಿಸಿದ ಚೆಂಡನ್ನು ಕೈಯಲ್ಲಿ ಹಿಡಿಯುವುದೂ ನಿಷಿದ್ಧವಾಯಿತು. ಅಧಿಕಾರ ಕಡಿಮೆಯಾಯಿತು, ಜವಾಬ್ದಾರಿ ಮಾತ್ರ ಇದ್ದಷ್ಟೇ ಉಳಿಯಿತು. ಸರಕಾರಿ ನೌಕರಿಯಲ್ಲಿರುವವರಿಗೆ ಈ ಬಗೆಯ ಸ್ಥಿತಿ ಹೊಸದೇನೂ ಅಲ್ಲ!

ಕನ್ನಡ ನಾಡಿನ ಒಬ್ಬ ಗೋಲ್‌ಕೀಪರ್ ಇಂಗ್ಲೆಂಡಿನ ಒಂದು ಸಣ್ಣ ಮೈದಾನದಲ್ಲಿ ಇಂಥ ಕಾವಲಿಗೆ ನಿಂತದ್ದು 1948ರ ಜುಲೈ 31ರಂದು. ಲಂಡನ್ ಒಲಿಂಪಿಕ್ಸ್ ಆರಂಭವಾಗಿ ಎರಡು ದಿನವಷ್ಟೇ ಆಗಿತ್ತು. ಊರು ಇಲ್ಫರ್ಡ್, ಮೈದಾನ ಚಿಕ್ಕದು. ಅದು ದೊಡ್ಡ ವೃತ್ತಿಪರ ಕ್ಲಬ್ಬಿನ ಕ್ರೀಡಾಂಗಣವಲ್ಲ, ಇಸ್ತ್ಮಿಯನ್ ಲೀಗ್ ಎಂಬ ಹವ್ಯಾಸಿಗಳ ಲೀಗಿನಲ್ಲಿ ಆಡುತ್ತಿದ್ದ ಇಲ್ಫರ್ಡ್ ಕ್ಲಬ್ಬಿನ ತಾಣ. ವಾರವಿಡೀ ಬೇರೆ ಉದ್ಯೋಗ ಮಾಡಿ ಶನಿವಾರ ಮಧ್ಯಾಹ್ನ ಆಡುವವರ ಕ್ಲಬ್ಬು ಅದು. ಆ ಮೈದಾನದಲ್ಲಿ ಅಂದು ಸುಮಾರು 17,000 ಪ್ರೇಕ್ಷಕರ ಮುಂದೆ ಸ್ವತಂತ್ರ ಭಾರತ ತನ್ನ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಆಡಿತು. ಎದುರಾಳಿ ಫ್ರಾನ್ಸ್. ಭಾರತದ ಗೋಲಿನಲ್ಲಿ ನಿಂತವರು ಬೆಂಗಳೂರಿನ ವರದರಾಜ್. ತಂಡದ ಜೊತೆ ಹೋಗಿದ್ದ ಇನ್ನೊಬ್ಬ ಗೋಲ್‌ಕೀಪರ್ ಸಂಜೀವ ಉಚ್ಚಿಲ್. ಉಚ್ಚಿಲ ಎಂಬುದು ನಮ್ಮ ಕರಾವಳಿಯ ಊರಿನ ಹೆಸರೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಆ ಪಂದ್ಯದ ಬಗೆಗೆ ಇಂದಿಗೂ ಜನ ಹೇಳುವ ಸಂಗತಿಗಳು ಎರಡು. ಒಂದು, ಭಾರತದ ಹನ್ನೊಂದು ಆಟಗಾರರಲ್ಲಿ ಎಂಟು ಮಂದಿ ಬರಿಗಾಲಲ್ಲಿ ಆಡಿದ್ದು. ಇನ್ನೊಂದು, ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳು ವ್ಯರ್ಥವಾದದ್ದು. ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ ಪ್ರಸಾದ್ ಕಳೆದುಕೊಂಡರು. ಮೊದಲ ಅರ್ಧದಲ್ಲಿ, ಮೂವತ್ತನೆಯ ನಿಮಿಷದ ಸುಮಾರಿಗೆ ಫ್ರಾನ್ಸ್ ಒಂದು ಗೋಲು ಹೊಡೆದಿತ್ತು. ಎಪ್ಪತ್ತನೆಯ ನಿಮಿಷದಲ್ಲಿ ಎಸ್. ರಾಮನ್ ಅದನ್ನು ಸಮ ಮಾಡಿದರು. ಅವರೂ ಬೆಂಗಳೂರಿನವರೇ. ಪಂದ್ಯ ಸಮಬಲದಲ್ಲಿ ಮುಗಿಯಿತೆನ್ನುವಾಗ, ಕೊನೆಯ ನಿಮಿಷದಲ್ಲಿ ಫ್ರಾನ್ಸ್ ಎರಡನೆಯ ಗೋಲು ಹೊಡೆಯಿತು. 2-1. ಭಾರತ ಕೂಟದಿಂದ ಹೊರಬಿತ್ತು.

ಒಂದು ಕ್ಷಣ ಗೋಲ್‌ಕೀಪರನ ಕಡೆಯಿಂದ ಈ ಪಂದ್ಯವನ್ನು ನೋಡಬೇಕು. ಎಂಬತ್ತೊಂಬತ್ತು ನಿಮಿಷ ಅವರು ಯುರೋಪಿನ ಒಂದು ಬಲಿಷ್ಠ ದೇಶದ ತಂಡಕ್ಕೆ ಒಂದೇ ಗೋಲು ಬಿಟ್ಟುಕೊಟ್ಟಿದ್ದರು. ಆ ಕಾಲದ ಚೆಂಡು ಚರ್ಮದ್ದು, ಲೇಸು ಹಾಕಿ ಹೊಲಿದದ್ದು. ತೇವ ಹೀರಿದರೆ ಕಲ್ಲಿನಂತಾಗುತ್ತಿತ್ತು. ಈಗಿನಂಥ ಮೆತ್ತನೆಯ ಕೈಗವಸುಗಳ ಕಾಲ ಇನ್ನೂ ಬಂದಿರಲಿಲ್ಲ. ಎದುರಾಳಿಗಳ ಕಾಲಲ್ಲಿ ಮೊಳೆ ಬಡಿದ ಬೂಟು. ಚೆಂಡಿಗಾಗಿ ಆ ಕಾಲುಗಳ ಕೆಳಗೆ ತಲೆಯೊಡ್ಡಿ ಬೀಳಬೇಕಾದವನು ಗೋಲ್‌ಕೀಪರನೇ. ಬರಿಗಾಲಲ್ಲಿ ಆಡುವವರ ಕೆಚ್ಚಿನ ಬಗೆಗೆ ಲಂಡನ್ನಿನಲ್ಲಿ ಕತೆಗಳು ಹುಟ್ಟಿದವು. ಆರನೆಯ ಜಾರ್ಜ್ ದೊರೆ ಮನ್ನಾ ಅವರ ಕಾಲು ಮುಟ್ಟಿ ಇದು ಉಕ್ಕಿನದೋ ಏನೋ ಎಂದು ಪರೀಕ್ಷಿಸಿದನೆಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಗೋಲ್‌ಕೀಪರನ ಕೈ ಮುಟ್ಟಿ ನೋಡಿದ ದೊರೆಯ ಕತೆ ಮಾತ್ರ ಯಾರೂ ಕಟ್ಟಲಿಲ್ಲ. ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಭಾರತದ ಹಾಕಿ ತಂಡ ಬ್ರಿಟನ್ನನ್ನು 4-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಇಲ್ಫರ್ಡಿನ ಫುಟ್‌ಬಾಲ್ ಪಂದ್ಯ ಆ ಸಂಭ್ರಮದ ನೆರಳಿಗೆ ಸರಿಯಿತು.

ಬೆಂಗಳೂರಿನಿಂದ ಒಲಿಂಪಿಕ್ಸಿಗೆ ಫುಟ್‌ಬಾಲ್ ಆಟಗಾರರು ಹೋದದ್ದು ಆಕಸ್ಮಿಕವಲ್ಲ. ದಂಡು ಪ್ರದೇಶದ ಬ್ರಿಟಿಷ್ ಪಲ್ಟನ್ನುಗಳು ಆಡಿದ ಆಟವನ್ನು ಬೇಲಿಯ ಆಚೆ ನಿಂತು ನೋಡಿದ ಹುಡುಗರು ತಾವೂ ಆಡತೊಡಗಿದರು. ಬೂಟಿಗೆ ದುಡ್ಡೆಲ್ಲಿಂದ? ಬರಿಗಾಲೇ ಗತಿ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಗಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬ್ರಿಟಿಷ್ ಪಲ್ಟನ್ನುಗಳ ಸ್ವತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಕೋಲ್ಕತ್ತದ್ದಲ್ಲ, ಬೆಂಗಳೂರು ಮುಸ್ಲಿಮ್ಸ್. ಕೋಲ್ಕತ್ತದ ಪ್ರಬಲ ಮೊಹಮಡನ್ ಸ್ಪೋರ್ಟಿಂಗನ್ನೇ ಫೈನಲಿನಲ್ಲಿ ಸೋಲಿಸಿ ಅದು ಕಪ್ ತಂದಿತು. ಮರುವರ್ಷವೂ ಗೆದ್ದಿತು, 1948ರಲ್ಲಿ ಮೋಹನ್ ಬಾಗಾನನ್ನು ಮಣಿಸಿ ಮತ್ತೊಮ್ಮೆ. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ಶಾಲಾ ಪುಸ್ತಕಗಳಿಗೆ ಸೇರಿದೆ. ಬೆಂಗಳೂರಿನವರ ಗೆಲುವಿಗೆ ಆ ಭಾಗ್ಯ ಒದಗಿಲ್ಲ.

ಅಂತರಪ್ರಾಂತೀಯ ಸಂತೋಷ್ ಟ್ರೋಫಿ ಕೂಟ 1941ರಲ್ಲಿ ಶುರುವಾಯಿತು. 1946-47ರಲ್ಲಿ ಬೆಂಗಳೂರಿನಲ್ಲೇ ನಡೆದ ಕೂಟದಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿತು. 1952-53ರಲ್ಲಿ ಮತ್ತೆ. ಇಲ್ಲಿ ಧಾರವಾಡ ಸೀಮೆಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಎರಡೂ ಗೆಲುವುಗಳು ಹಳೆಯ ಮೈಸೂರು ಸಂಸ್ಥಾನದ್ದು. ನವಲಗುಂದ, ಕುಂದಗೋಳ, ಕಲಘಟಗಿಯ ಕಡೆಯಲ್ಲಿ ಒಬ್ಬ ಹುಡುಗ ಎಷ್ಟೇ ಚೆನ್ನಾಗಿ ಚೆಂಡು ಹಿಡಿಯಬಲ್ಲವನಾಗಿದ್ದರೂ 1956ರ ರಾಜ್ಯ ಪುನರ್ವಿಂಗಡಣೆಯ ಮುಂಚೆ ಅವನಿಗೆ ಮೈಸೂರಿನ ಅಂಗಿ ಸಿಗುತ್ತಿರಲಿಲ್ಲ. ಅವನು ಪೈಪೋಟಿ ಮಾಡಬೇಕಾದದ್ದು ಮುಂಬಯಿಯವರ ಜೊತೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲದೆ ಈ ನೆಲದ ಗುಣವೂ ಬೇರೆ. ಎರೆಭೂಮಿ ಮಳೆಗಾಲದಲ್ಲಿ ಕಾಲನ್ನು ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ. ಚೆಂಡು ಉರುಳುವ ನೆಲವಲ್ಲ ಅದು. ಊರ ಹುಡುಗರ ಮೈಯುಕ್ಕು ಗರಡಿಮನೆಯಲ್ಲಿ, ಹುತುತು ಅಂಕಣದಲ್ಲಿ, ಖೋಖೋದಲ್ಲಿ ಕರಗುತ್ತಿತ್ತು. ಪೈಲ್ವಾನನಿಗೆ ಗೆದ್ದಾಗ ಬೆಳ್ಳಿ ಕಡಗ, ಪೇಟ, ಮೆರವಣಿಗೆ ಉಂಟು. ಒಬ್ಬನೇ ಸೋತರೆ ಒಬ್ಬನದೇ ಸೋಲು. ಹತ್ತು ಮಂದಿಯ ತಪ್ಪಿಗೆ ಒಬ್ಬ ತಲೆತಗ್ಗಿಸುವ ಗೋಲ್‌ಕೀಪರನ ಕಸುಬು ಇಲ್ಲಿಯ ಲೋಕನೀತಿಗೆ ಅಪರಿಚಿತವಾಗಿಯೇ ಉಳಿಯಿತು.

1948ರ ತಂಡದ ಬೆಂಗಳೂರಿಗರಲ್ಲಿ ಮುಂಪಂಕ್ತಿಯ ಅಹಮದ್ ಖಾನ್ ಮತ್ತು ಧನರಾಜ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಹೆಸರು ಮಾಡಿದರು. ಅಲ್ಲಿನ ಐವರು ಮುಂಪಂಕ್ತಿಯವರನ್ನು ಅಭಿಮಾನಿಗಳು ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಇವರಿಬ್ಬರೂ ಇದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ಭಾರತಕ್ಕೆ ಹತ್ತು ಗೋಲು ಹೊಡೆದಾಗ ಭಾರತದ ಒಂದೇ ಒಂದು ಗೋಲು ಅಹಮದ್ ಖಾನರದ್ದು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಹತ್ತಕ್ಕೆ ಒಂದು ಎಂಬ ಸೋಲಿನಲ್ಲೂ ಗೋಲು ಹೊಡೆದವನ ಹೆಸರು ಉಳಿಯಿತೆಂಬುದನ್ನು ನೋಡಿ. ಪಾಂಡವರಿಗೆ ಐದು ಮಂದಿಯ ಪಟ್ಟಿ ಸಾಕು. ದ್ವಾರಪಾಲಕರಿಗೆ ಮಹಾಭಾರತದಲ್ಲೂ ಪರ್ವವಿಲ್ಲ.

ಹಾಗಾದರೆ ಇಂಗ್ಲೆಂಡಿನಲ್ಲಿ ಗೋಲ್‌ಕೀಪರನ ಬಾಳು ಹೂವಿನ ಹಾಸಿಗೆಯೆ? ಹಾಗೇನೂ ಅಲ್ಲ. ಆದರೆ ಅಲ್ಲಿ ಒಂದು ಏಣಿಯಿದೆ. ಇಂಗ್ಲಿಷ್ ಲೀಗ್ ಫುಟ್‌ಬಾಲಿನಲ್ಲಿ ನಾಲ್ಕು ವಿಭಾಗಗಳು, ಒಟ್ಟು 92 ಕ್ಲಬ್ಬುಗಳು. ಅದರ ಕೆಳಗೆ ಅರೆವೃತ್ತಿಪರ, ಹವ್ಯಾಸಿ ಲೀಗುಗಳ ಮೆಟ್ಟಿಲುಗಳು ಇಳಿಯುತ್ತ ಹೋಗಿ ಹಳ್ಳಿಯ ಮೈದಾನ ಮುಟ್ಟುತ್ತವೆ. ಗೆದ್ದವರು ಮೇಲೇರುತ್ತಾರೆ, ಸೋತವರು ಇಳಿಯುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಸಂಬಳ ಕಡಿಮೆ. 1961ರ ಜನವರಿಯವರೆಗೆ ಮೇಲಿನವರಿಗೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಷೆಫೀಲ್ಡಿನ ಗಾರ್ಡನ್ ಬ್ಯಾಂಕ್ಸ್ ಶಾಲೆ ಬಿಟ್ಟು ಕಲ್ಲಿದ್ದಲ ಚೀಲ ತುಂಬುತ್ತ, ಇಟ್ಟಿಗೆ ಹೊರುತ್ತ ಇದ್ದವನು. ಮೂರನೆಯ ವಿಭಾಗದ ಚೆಸ್ಟರ್‌ಫೀಲ್ಡಿನಲ್ಲಿ 1958ರಲ್ಲಿ ಗೋಲು ಕಾಯತೊಡಗಿ, ಮರುವರ್ಷ 7,000 ಪೌಂಡಿಗೆ ಲೆಸ್ಟರಿಗೆ ಹೋಗಿ, 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಗೋಲಿನಲ್ಲಿ ನಿಂತ. ರೇ ಕ್ಲೆಮೆನ್ಸ್ ಸ್ಕಂತಾರ್ಪ್ ಎಂಬ ಸಣ್ಣ ಕ್ಲಬ್ಬಿನಿಂದ 1967ರಲ್ಲಿ ಲಿವರ್‌ಪೂಲಿಗೆ ಏರಿದ. ಏಣಿ ಎಂದರೆ ಇದು.

ಆದರೆ ಏಣಿಯ ಮೇಲೆ ಇರುವವರಲ್ಲಿ ಬಹುಪಾಲು ಮಂದಿ ಮೇಲೇರುವವರಲ್ಲ. ನಡುವೆ ಎಲ್ಲೋ ಜೋತುಬಿದ್ದವರು. ಗೋಲ್‌ಕೀಪರನ ಸ್ಥಿತಿ ಇನ್ನೂ ಕಷ್ಟದ್ದು. ಮುಂಪಂಕ್ತಿಯಲ್ಲಿ ಇಬ್ಬರಿಗೋ ಮೂವರಿಗೋ ಜಾಗ ಉಂಟು, ಗೋಲಿನಲ್ಲಿ ಒಬ್ಬನಿಗೇ. ಎರಡನೆಯವನು ಮೊದಲನೆಯವನ ಬೆರಳು ಮುರಿಯುವುದನ್ನೇ ಕಾಯುತ್ತ, ಹಾಗೆ ಕಾಯುವುದಕ್ಕೆ ತನ್ನಲ್ಲೇ ನಾಚುತ್ತ ವರ್ಷಗಟ್ಟಲೆ ಬೆಂಚಿನ ಮೇಲೆ ಕೂರುತ್ತಾನೆ. ಇಂಥವರಲ್ಲಿ ಒಬ್ಬನ ಕತೆ ಕೆಳವಿಭಾಗದ ಗೋಲ್‌ಕೀಪರ್ ಎಂದರೇನೆಂಬುದನ್ನು ಇಡಿಯಾಗಿ ಹೇಳುತ್ತದೆ. ಅವನ ಹೆಸರು ಜಿಮ್ಮಿ ಗ್ಲಾಸ್.

1973ರಲ್ಲಿ ಲಂಡನ್ನಿನ ದಕ್ಷಿಣಕ್ಕಿರುವ ಎಪ್ಸಮ್‌ನಲ್ಲಿ ಹುಟ್ಟಿದ ಗ್ಲಾಸ್ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನಲ್ಲಿ ತರಬೇತಿ ಪಡೆದ. ಅಲ್ಲಿ ಮೊದಲ ತಂಡದ ಬಾಗಿಲು ತೆರೆಯಲಿಲ್ಲ. ಬೋರ್ನ್‌ಮತ್‌ಗೆ ಹೋದ, ಎರಡು ಋತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಲೀಗ್ ಪಂದ್ಯ ಆಡಿದ. ಅವನ ವೃತ್ತಿಯ ನಿಜವಾದ ದುಡಿಮೆ ಎಂದರೆ ಇದೇ, ಆದರೆ ಇದನ್ನು ನೆನೆಯುವವರು ಬೋರ್ನ್‌ಮತ್‌ನ ಹಳಬರು ಮಾತ್ರ. 1998ರ ಏಪ್ರಿಲಿನಲ್ಲಿ ಕೆಳವಿಭಾಗದ ಕ್ಲಬ್ಬುಗಳ ಕಪ್ ಫೈನಲಿಗಾಗಿ ವೆಂಬ್ಲಿಯಲ್ಲಿ ಆಡುವ ಭಾಗ್ಯ ಬಂತು. ಗ್ರಿಮ್ಸ್‌ಬಿ ವಿರುದ್ಧ ಬೋರ್ನ್‌ಮತ್ ಮುಂದಿತ್ತು. ಗ್ಲಾಸ್ ಚೆಂಡನ್ನು ತನ್ನದೇ ಗೋಲಿಗೆ ಕಳೆದುಕೊಂಡ. ಪಂದ್ಯ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ ಬೋರ್ನ್‌ಮತ್ ಸೋತಿತು. ಅಲ್ಲಿಂದ ಸ್ವಿಂಡನ್ ಕ್ಲಬ್ಬಿಗೆ ಹೋಗಿ ಬೆಂಚು ಹಿಡಿದ.

ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಗಡಿಯಲ್ಲಿರುವ ಕಾರ್ಲೈಲ್ ಎಂಬ ಊರಿನಲ್ಲಿ ಬೇರೊಂದು ಸಂಕಟ ನಡೆದಿತ್ತು. ಕಾರ್ಲೈಲ್ ಯುನೈಟೆಡ್ 1928ರಿಂದ ಲೀಗಿನಲ್ಲಿದ್ದ ಕ್ಲಬ್ಬು. 1974-75ರ ಒಂದು ಋತುವಿನಲ್ಲಿ ಅತ್ಯುನ್ನತ ವಿಭಾಗದಲ್ಲೂ ಆಡಿತ್ತು. 1999ರ ಹೊತ್ತಿಗೆ ಅದು ನಾಲ್ಕನೆಯ ವಿಭಾಗದ ತಳ ಮುಟ್ಟಿತ್ತು. ಹಿಂದೆ ತಳದ ಕ್ಲಬ್ಬುಗಳು ಲೀಗಿನಲ್ಲಿ ಉಳಿಯಬೇಕೋ ಬೇಡವೋ ಎಂಬುದನ್ನು ಉಳಿದ ಕ್ಲಬ್ಬುಗಳು ಮತ ಹಾಕಿ ತೀರ್ಮಾನಿಸುತ್ತಿದ್ದವು; ಬಹುಮಟ್ಟಿಗೆ ದಾಕ್ಷಿಣ್ಯದಿಂದ ಉಳಿಸಿಕೊಳ್ಳುತ್ತಿದ್ದವು. 1987ರಿಂದ ಆ ದಾಕ್ಷಿಣ್ಯ ನಿಂತು, ಕಟ್ಟಕಡೆಯ ಕ್ಲಬ್ಬು ನೇರವಾಗಿ ಲೀಗಿನಿಂದ ಹೊರಕ್ಕೆ ಎಂಬ ನಿಯಮ ಬಂದಿತ್ತು. ಹೊರಬಿದ್ದರೆ ಸಂಬಳ, ಟೆಲಿವಿಷನ್ ಹಣ, ಪ್ರೇಕ್ಷಕರು ಎಲ್ಲಕ್ಕೂ ಕತ್ತರಿ. ಇಂಥ ಹೊತ್ತಿನಲ್ಲಿ ಕಾರ್ಲೈಲ್ ತನ್ನ ಕಾಯಂ ಗೋಲ್‌ಕೀಪರ್ ಟೋನಿ ಕೇಗನನ್ನು ಮಾರಿತ್ತು. ಡರ್ಬಿ ಕ್ಲಬ್ಬಿನಿಂದ ಎರವಲು ತಂದಿದ್ದ ಇನ್ನೊಬ್ಬನನ್ನು ಡರ್ಬಿ ವಾಪಸು ಕರೆಸಿಕೊಂಡಿತು. ಆಟಗಾರರನ್ನು ತರುವ ಗಡುವು ಮುಗಿದಿತ್ತು. ಗೋಲಿನಲ್ಲಿ ನಿಲ್ಲಲು ಆಳಿಲ್ಲವೆಂದು ಲೀಗಿನ ಆಡಳಿತಕ್ಕೆ ಮೊರೆಹೊಕ್ಕು, ವಿಶೇಷ ಅನುಮತಿ ಪಡೆದು ಸ್ವಿಂಡನ್ನಿನಿಂದ ಗ್ಲಾಸನನ್ನು ಎರವಲು ತಂದಿತು. ಸುಗ್ಗಿಯ ಕೊನೆಯ ವಾರದಲ್ಲಿ ಬೇರೆ ಊರಿನಿಂದ ಆಳು ತಂದಂತೆ. ಆಡಬೇಕಾದದ್ದು ಮೂರೇ ಪಂದ್ಯ.

1999ರ ಮೇ 8. ಕೊನೆಯ ದಿನ. ಕಾರ್ಲೈಲ್‌ಗಿಂತ ಒಂದೇ ಅಂಕ ಮುಂದಿದ್ದ ಸ್ಕಾರ್ಬರೊ ಬೇರೆ ಮೈದಾನದಲ್ಲಿ ಪೀಟರ್‌ಬರೊ ವಿರುದ್ಧ 1-1ರಿಂದ ಸಮ ಮಾಡಿಕೊಂಡಿತು. ಕಾರ್ಲೈಲ್ ಉಳಿಯಬೇಕಾದರೆ ತನ್ನ ಬ್ರಂಟನ್ ಪಾರ್ಕಿನಲ್ಲಿ ಪ್ಲಿಮತ್ ಅನ್ನು ಗೆಲ್ಲಲೇಬೇಕು. ಪ್ಲಿಮತ್ ಮೊದಲು ಗೋಲು ಹೊಡೆಯಿತು, ಡೇವಿಡ್ ಬ್ರೈಟ್‌ವೆಲ್ ಅದನ್ನು ಸಮ ಮಾಡಿದ. ತೊಂಬತ್ತು ನಿಮಿಷ ಮುಗಿದವು. ರೆಫರಿ ನಾಲ್ಕು ನಿಮಿಷ ಹೆಚ್ಚು ಕೊಟ್ಟ; ಅದೂ ಕರಗುತ್ತ ಬಂತು. ಸ್ಕಾರ್ಬರೊ ಪಂದ್ಯ ಆಗಲೇ ಮುಗಿದು ಅವರ ಅಭಿಮಾನಿಗಳು ಮೈದಾನಕ್ಕಿಳಿದು ಕುಣಿಯುತ್ತಿದ್ದರು. ಉಳಿದದ್ದು ಹತ್ತು ಸೆಕೆಂಡು. ಕಾರ್ಲೈಲ್‌ಗೆ ಒಂದು ಕಾರ್ನರ್ ಒದೆತ ಸಿಕ್ಕಿತು. ಗ್ಲಾಸ್ ತನ್ನ ಗೋಲನ್ನು ಬರಿದು ಬಿಟ್ಟು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿದ. ಸ್ಕಾಟ್ ಡೋಬಿ ತಲೆಯಿಂದ ಹೊಡೆದ ಚೆಂಡನ್ನು ಎದುರಾಳಿ ಗೋಲ್‌ಕೀಪರ್ ತಡೆದ. ಅದು ಚಿಮ್ಮಿ ಬಂದು ಗ್ಲಾಸನ ಮುಂದೆ ಬಿತ್ತು. ಅವನು ಒದ್ದ. ಗೋಲು! ಜನ ಮೈದಾನಕ್ಕೆ ನುಗ್ಗಿದರು. ಅವರನ್ನು ಚದುರಿಸಿ ಆಟ ಮತ್ತೆ ಶುರುಮಾಡಿದೊಡನೆ ಕೊನೆಯ ಸೀಟಿ. ಕಾರ್ಲೈಲ್ 49 ಅಂಕ, ಸ್ಕಾರ್ಬರೊ 48.

ಎದುರಾಳಿ ಗೋಲ್‌ಕೀಪರನ ಹೆಸರು ಜೇಮ್ಸ್ ಡಂಜಿ. ಅವನು ಆ ಡೋಬಿಯ ಹೊಡೆತವನ್ನು ಚೆನ್ನಾಗಿಯೇ ತಡೆದಿದ್ದ. ತಡೆದದ್ದರಿಂದಲೇ ಚೆಂಡು ಗ್ಲಾಸನ ಕಾಲಿಗೆ ಬಂತು. ಒಬ್ಬ ಗೋಲ್‌ಕೀಪರನನ್ನು ಇತಿಹಾಸಕ್ಕೆ ಸೇರಿಸಿದ ಗೋಲು ಇನ್ನೊಬ್ಬ ಗೋಲ್‌ಕೀಪರನ ಕಡೆ ಹೋದದ್ದು. ಈ ಮಾತನ್ನು ಆ ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮುಂದೆ ಏನಾಯಿತು? ಸಿನಿಮಾ ಆಗಿದ್ದರೆ ಗ್ಲಾಸ್ ದೊಡ್ಡ ಕ್ಲಬ್ಬಿನ ಗೋಲಿನಲ್ಲಿ ನಿಂತಿರಬೇಕಿತ್ತು. ಕಾರ್ಲೈಲ್ ಅವನನ್ನು ಉಳಿಸಿಕೊಳ್ಳಲಿಲ್ಲ. ಕೇಂಬ್ರಿಜ್, ಬ್ರೆಂಟ್‌ಫರ್ಡ್, ಆಕ್ಸ್‌ಫರ್ಡ್ ಎಂದು ಅಲೆದ. ಎಲ್ಲ ಕಡೆಯೂ ಬೆಂಚೇ ಗತಿ. ಇಪ್ಪತ್ತೇಳನೆಯ ವಯಸ್ಸಿಗೆ ವೃತ್ತಿಪರ ಆಟ ಬಿಟ್ಟ. ಆಮೇಲೆ ಟ್ಯಾಕ್ಸಿ ಓಡಿಸಿದ. 2004ರಲ್ಲಿ ತನ್ನ ಬಾಳಿನ ಬಗೆಗೆ ಪುಸ್ತಕ ಬರೆದ. 2016ರಲ್ಲಿ ಬೋರ್ನ್‌ಮತ್ ಕ್ಲಬ್ಬು ಅವನನ್ನು ಕರೆದು, ಹೊಸ ಆಟಗಾರರಿಗೆ ಮನೆಮಠ, ಊರುಕೇರಿ ಹೊಂದಿಸಿಕೊಡುವ ಕೆಲಸ ಕೊಟ್ಟಿತು. ಸ್ಕಾರ್ಬರೊ 1987ರಲ್ಲಿ ಹೊಸ ನಿಯಮದಂತೆ ಲೀಗಿಗೆ ನೇರವಾಗಿ ಏರಿದ ಮೊಟ್ಟಮೊದಲ ಕ್ಲಬ್ಬಾಗಿತ್ತು. ಅದೇ ನಿಯಮಕ್ಕೆ ಹನ್ನೆರಡು ವರ್ಷದ ನಂತರ ಬಲಿಯಾಗಿ, ಸಾಲದಲ್ಲಿ ಮುಳುಗಿ 2007ರಲ್ಲಿ ಬಾಗಿಲು ಮುಚ್ಚಿತು. ಕಾರ್ಲೈಲ್ ಕೂಡ 2004ರಲ್ಲಿ ಲೀಗಿನಿಂದ ಬಿದ್ದು ಮರುವರ್ಷ ಮೇಲೆದ್ದಿತು. 2025ರಲ್ಲಿ ಮತ್ತೆ ಬಿದ್ದಿತು. ಗ್ಲಾಸ್ ಉಳಿಸಿಕೊಟ್ಟದ್ದು ಐದು ವರ್ಷದ ಬದುಕನ್ನು.

ಕೆಳವಿಭಾಗದ ಒಬ್ಬ ಗೋಲ್‌ಕೀಪರನ ಬಗೆಗೆ ಇಷ್ಟೆಲ್ಲ ಹೇಳಲು ಸಾಧ್ಯವಾದದ್ದು ಏಕೆ? ಅವನು ಗೋಲು ಹೊಡೆದದ್ದರಿಂದ ಎಂಬುದು ಅರ್ಧ ಉತ್ತರ. ಉಳಿದರ್ಧ ಇಂಗ್ಲೆಂಡಿನ ಲೆಕ್ಕ ಬರೆಯುವ ಚಾಳಿಯಲ್ಲಿದೆ. 1970ರಿಂದ ಪ್ರಕಟವಾಗುತ್ತ ಬಂದ ಅಲ್ಲಿಯ ಫುಟ್‌ಬಾಲ್ ವಾರ್ಷಿಕ ಪುಸ್ತಕದಲ್ಲಿ 92 ಕ್ಲಬ್ಬುಗಳ ಪ್ರತಿಯೊಂದು ಪಂದ್ಯ, ಪ್ರತಿಯೊಬ್ಬ ಆಟಗಾರ ದಾಖಲಾಗುತ್ತಾನೆ. ಒಂದೇ ಪಂದ್ಯ ಆಡಿ ಮನೆಗೆ ಹೋದವನಿಗೂ ಅಲ್ಲಿ ಒಂದು ಸಾಲು ಉಂಟು. ಶಾನುಭೋಗನ ಖಿರ್ದಿಯ ಹಾಗೆ. ಪ್ರತಿ ಊರಿನ ಪತ್ರಿಕೆಯೂ ತನ್ನ ಕ್ಲಬ್ಬಿನ ಕಳಪೆ ಪಂದ್ಯಕ್ಕೂ ವರದಿಗಾರನನ್ನು ಕಳಿಸುತ್ತದೆ. ಇಲ್ಫರ್ಡಿನಲ್ಲಿ ಫ್ರಾನ್ಸನ್ನು ಎಂಬತ್ತೊಂಬತ್ತು ನಿಮಿಷ ತಡೆದ ಒಲಿಂಪಿಕ್ ಆಟಗಾರನಿಗೆ ನಮ್ಮಲ್ಲಿ ದಕ್ಕಿದ್ದಕ್ಕಿಂತ ಹೆಚ್ಚು ಶಾಯಿ ನಾಲ್ಕನೆಯ ವಿಭಾಗದಲ್ಲಿ ಮೂರು ಪಂದ್ಯ ಎರವಲು ಆಡಿದವನಿಗೆ ಅಲ್ಲಿ ದಕ್ಕಿದೆ. ಇದು ಆ ಇಬ್ಬರ ಯೋಗ್ಯತೆಯ ಅಳತೆಯಲ್ಲ, ಬರೆದಿಡುವವರ ಶ್ರದ್ಧೆಯ ಅಳತೆ.

ನಮ್ಮಲ್ಲಿ ಏಣಿಯ ಬದಲು ಇದ್ದದ್ದು ನೌಕರಿ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಬೆಂಗಳೂರಿನ ಆಟಗಾರನಿಗೆ ಎಚ್‌ಎಎಲ್, ಐಟಿಐ ಮೊದಲಾದ ಸಾರ್ವಜನಿಕ ಉದ್ದಿಮೆಗಳ, ಸೇನೆಯ ತಂಡಗಳು ಆಶ್ರಯವಾದವು. ಬೆಳಿಗ್ಗೆ ಯಂತ್ರದ ಮುಂದೆ, ಸಂಜೆ ಮೈದಾನದಲ್ಲಿ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಇಪ್ಪತ್ತೇಳಕ್ಕೆ ಆಟ ನಿಂತ ಗ್ಲಾಸ್ ಟ್ಯಾಕ್ಸಿ ಹಿಡಿದ. ಬೆಂಗಳೂರಿನ ಕಾರ್ಖಾನೆಯ ಆಟಗಾರನಿಗೆ ಆಟ ನಿಂತರೂ ಐವತ್ತೆಂಟರವರೆಗೆ ಪಗಾರ, ಆಮೇಲೆ ಭವಿಷ್ಯನಿಧಿ. ಮೈಸೂರು 1967-68, 1968-69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದದ್ದು ಈ ವ್ಯವಸ್ಥೆಯ ಕಾಲದಲ್ಲಿ. ಆಗ ಧಾರವಾಡ ಜಿಲ್ಲೆಯೂ ಅದೇ ರಾಜ್ಯದೊಳಗಿತ್ತು. ಆಮೇಲೆ ಕರ್ನಾಟಕ ಮತ್ತೆ ಆ ಟ್ರೋಫಿ ಎತ್ತಲು ಐವತ್ನಾಲ್ಕು ವರ್ಷ ಹಿಡಿಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ನಡೆದ ಫೈನಲಿನಲ್ಲಿ ಅದು ಮೇಘಾಲಯವನ್ನು 3-2ರಿಂದ ಸೋಲಿಸಿತು.

ನೌಕರಿಯ ಆಸರೆ ಎಲ್ಲರಿಗೂ ಸಾಲಲಿಲ್ಲ. ಹಾಕಿಯಲ್ಲಿ ಶಂಕರ್ ಲಕ್ಷ್ಮಣ್ 1956 ಮತ್ತು 1964ರ ಒಲಿಂಪಿಕ್ ಚಿನ್ನ ಗೆದ್ದ ತಂಡಗಳ ಗೋಲ್‌ಕೀಪರ್. ಟೋಕಿಯೊ ಫೈನಲಿನಲ್ಲಿ ಪಾಕಿಸ್ತಾನಕ್ಕೆ ಒಂದೂ ಗೋಲು ಬಿಟ್ಟುಕೊಡದೆ ಭಾರತವನ್ನು 1-0ಯಿಂದ ಗೆಲ್ಲಿಸಿದವರು. ಸೇನೆಯಲ್ಲಿ ದುಡಿದ ಅವರು 2006ರಲ್ಲಿ ಮಧ್ಯಪ್ರದೇಶದ ಮಹೂನಲ್ಲಿ ಕಾಲು ಕೊಳೆತ ರೋಗದಿಂದ, ಬಡತನದಲ್ಲಿ ತೀರಿಕೊಂಡರು. ಚೆಂಡನ್ನು ತಡೆದ ಕಾಲು ಅದು.

ಭಾರತದಿಂದ ಇಂಗ್ಲೆಂಡಿನ ಆ ಏಣಿಯನ್ನೇ ಹತ್ತಲು ಹೋದವರೂ ಇದ್ದಾರೆ. ಸಿಕ್ಕಿಮಿನ ಬೈಚುಂಗ್ ಭೂಟಿಯಾ 1999ರಲ್ಲಿ, ಗ್ಲಾಸ್ ಗೋಲು ಹೊಡೆದ ಕೆಲವೇ ತಿಂಗಳ ನಂತರ, ಮೂರನೆಯ ಹಂತದ ಬರಿ ಕ್ಲಬ್ಬಿಗೆ ಸೇರಿದರು. ಅವರು ಮುಂಪಂಕ್ತಿಯವರು. ಆ ಕ್ಲಬ್ಬೂ ಸಾಲದ ಸುಳಿಗೆ ಸಿಕ್ಕಿ 2019ರಲ್ಲಿ ಲೀಗಿನಿಂದ ಉಚ್ಚಾಟಿತವಾಯಿತು. ಗೋಲ್‌ಕೀಪರರಲ್ಲಿ ಪುರುಷನಿಗಿಂತ ಮೊದಲು ಆ ನೆಲದಲ್ಲಿ ಹೆಸರು ಬರೆಸಿದ್ದು ಒಬ್ಬ ಹೆಣ್ಣುಮಗಳು. ಚೆನ್ನೈಯಲ್ಲಿ ಹುಟ್ಟಿ ದೆಹಲಿಯಲ್ಲಿ ಬೆಳೆದ ಅದಿತಿ ಚೌಹಾನ್ ಕ್ರೀಡಾ ಆಡಳಿತ ಓದಲು ಲಫ್‌ಬರೊ ವಿಶ್ವವಿದ್ಯಾಲಯಕ್ಕೆ ಹೋದವರು. 2015ರ ಆಗಸ್ಟಿನಲ್ಲಿ ವೆಸ್ಟ್ ಹ್ಯಾಮ್ ಮಹಿಳಾ ತಂಡದ ಗೋಲಿನಲ್ಲಿ ನಿಂತರು. ಆ ತಂಡ ಆಗ ಮಹಿಳಾ ಲೀಗಿನ ಮೂರನೆಯ ಹಂತದಲ್ಲಿತ್ತು. ಅವರ ಮೊದಲ ಪಂದ್ಯದಲ್ಲಿ ಕವೆಂಟ್ರಿ ತಂಡ ಐದು ಗೋಲು ಹೊಡೆಯಿತು. ಐದು ಗೋಲು ಬಿಟ್ಟ ಗೋಲ್‌ಕೀಪರನ್ನು ಮುಂದಿನ ವಾರ ಮನೆಗೆ ಕಳಿಸುವುದು ವಾಡಿಕೆ, ಅವರು ಉಳಿದರು. 2018ರಲ್ಲಿ ತಾಯ್ನಾಡಿಗೆ ಬಂದು, ಗೋಕುಲಂ ಕೇರಳ ತಂಡದೊಂದಿಗೆ 2019-20ರ ಭಾರತೀಯ ಮಹಿಳಾ ಲೀಗ್ ಗೆದ್ದರು. 2025ರ ಜುಲೈಯಲ್ಲಿ ನಿವೃತ್ತಿ ಘೋಷಿಸಿದರು. ಪುರುಷರಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಇಂಗ್ಲೆಂಡಿಗೆ ಹೋಗದೆ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಆಡಿ, 2016ರಲ್ಲಿ ಯುರೋಪಾ ಲೀಗಿನ ಅರ್ಹತಾ ಪಂದ್ಯದಲ್ಲಿ ನಿಂತ ಮೊದಲ ಭಾರತೀಯರಾದರು. 2017ರಲ್ಲಿ ಅವರು ಸೇರಿದ ಕ್ಲಬ್ಬು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿ, ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದ ಈ ಕ್ಲಬ್ಬಿನ ಪಂದ್ಯಗಳಲ್ಲಿ ಈಗ ಗೋಲ್‌ಕೀಪರ್ ತಡೆದ ಚೆಂಡುಗಳನ್ನೂ ಎಣಿಸಿ ಬರೆಯುತ್ತಾರೆ. ಇಲ್ಫರ್ಡಿನಲ್ಲಿ ಆ ಎಣಿಕೆ ಇರಲಿಲ್ಲ.